ಮರಳುಗುಡ್ಡದಲ್ಲಿ ಹಿರೇ ಸೊಸೆ

ಕಳೆದ ವರ್ಷ ಭತ್ತದ ಒಕ್ಕಣೆ ಮುಗಿದ ಮೇಲೆ ನಾವು ನಾಲ್ವರು ಹಾನಗಲ್ಲಿನಿಂದ ರಾಜಸ್ಥಾನಕ್ಕೆ ಹೋಗಿದ್ದೆವು. ನಾನು, ನನ್ನ ಯಜಮಾನರು, ಮೈದುನ ಮತ್ತು ಅವನ ಹೆಂಡತಿ ಶೋಭಾ. ಮರುಭೂಮಿಯಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕೆಂಬ ಆಸೆ ನನ್ನದು, ಹಂಸಭಾವಿಯ ಶಾಲೆಯಲ್ಲಿ ಭೂಗೋಳದ ಪಾಠ ಕೇಳಿದಾಗಿನಿಂದ ಇದ್ದದ್ದು. ಯಜಮಾನರ ಬೆನ್ನುಹತ್ತಿ ಒಪ್ಪಿಸಿದವಳೂ ನಾನೇ. ಶೋಭಾ ಕೊನೆಯ ಗಳಿಗೆಯಲ್ಲಿ, ತಾವೂ ಬರುತ್ತೇವೆಂದು ಸೇರಿಕೊಂಡವಳು.

ಜೋಧಪುರದಿಂದ ಬಾಡಿಗೆ ಕಾರಿನಲ್ಲಿ ಜೈಸಲ್ಮೇರಿನ ದಾರಿ ಹಿಡಿದ ದಿನ ಬೆಳಗ್ಗೆಯೇ ನನ್ನ ಹೊಟ್ಟೆಕಿಚ್ಚು ಶುರುವಾಯಿತು. ಹಿಂದೆ ಕುಳಿತರೆ ವಾಂತಿಯಾಗುತ್ತದೆಂದು ಶೋಭಾ ಮುಂದಿನ ಸೀಟು ಹಿಡಿದಳು. ವಾಂತಿಯೂ ಆಗಲಿಲ್ಲ, ಬಾಯಿಯೂ ಸುಮ್ಮನಿರಲಿಲ್ಲ. ಅವಳ ತವರು ಸವಣೂರು. ಓಣಿಯವರ ಜೊತೆ ಉರ್ದು ಮಾತಾಡಿಯೇ ಬೆಳೆದವಳು, ಹಿಂದಿ ಅವಳಿಗೆ ನೀರು ಕುಡಿದಷ್ಟು ಸಲೀಸು. ನನಗೆ ಹಿಂದಿ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಡ್ರೈವರ್ ದಾರಿ ಬದಿಯ ಒಂದು ಮರ ತೋರಿಸಿದಾಗ ಅದು ನಮ್ಮ ಬನ್ನಿ ಗಿಡವೆಂದು ಮೊದಲು ಗುರುತಿಸಿದವಳು ನಾನು. ನಾನು ಹಿಂದಿಯ ಶಬ್ದ ಹುಡುಕುವಷ್ಟರಲ್ಲಿ ಅವಳು ದಸರೆಗೆ ಬನ್ನಿ ಕೊಡುವ ಕಥೆಯನ್ನೆಲ್ಲ ಅವನಿಗೆ ಹೇಳಿ ಮುಗಿಸಿದ್ದಳು.

ಮಧ್ಯಾಹ್ನ ಢಾಬಾದಲ್ಲಿ ನಾನು ಮಾಡಿ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಶೋಭಾ ಎದ್ದು ಅಡುಗೆಯ ಹೆಂಗಸಿಗೂ ಡ್ರೈವರನಿಗೂ ಹಂಚಿ ಬಂದಳು. ರೊಟ್ಟಿ ತಟ್ಟಿದ ಕೈ ನನ್ನದು, ಹೊಗಳಿಕೆ ಅವಳಿಗೆ. ಸಾಲದ್ದಕ್ಕೆ ನನ್ನ ಯಜಮಾನರೇ, "ಶೋಭಾ ಇರಲಿಲ್ಲಂದ್ರ ನಮ್ಮ ಗತಿ ಏನಾಗ್ತಿತ್ತೋ" ಅಂದರು. ಮದುವೆಯಾದಾಗಿನಿಂದ ನನ್ನ ವಿಷಯದಲ್ಲಿ ಅವರು ಹೀಗೆ ಅಂದದ್ದು ನನಗಂತೂ ನೆನಪಿಲ್ಲ. ಉಳಿದ ರೊಟ್ಟಿಯನ್ನು ಗಂಟು ಕಟ್ಟಿ ಎದ್ದೆ.

ಸಂಜೆ ಮರಳುಗುಡ್ಡದ ಬುಡಕ್ಕೆ ಬಂದೆವು. ಅಲ್ಲಿಂದ ಮೇಲಕ್ಕೆ ನಡೆದೇ ಹತ್ತಬೇಕು. ಮರಳು ಜಾರುತ್ತದೆ, ಮುಂದೆ ಹೋದವರ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟರೆ ಸುಲಭ ಎಂದು ಡ್ರೈವರ್ ಹೇಳಿ ಕಳಿಸಿದ. ಶೋಭಾ ಆಗಲೇ ಮುಂದೆ ನಡೆದಿದ್ದಳು.

"ಶೋಭಾನ ಹೆಜ್ಜ್ಯಾಗ ಹೆಜ್ಜಿ ಇಟಗೋತ ಬಾ" ಎಂದರು ಯಜಮಾನರು.

ನಮ್ಮ ಮನೆಯಲ್ಲಿ ರಾಶಿ ಪೂಜೆಯಿಂದ ಹಿಡಿದು ಉಡಿ ತುಂಬಿಸಿಕೊಳ್ಳುವ ತನಕ ಹಿರೇ ಸೊಸೆ ಮುಂದೆ, ಕಿರಿಯವಳು ಹಿಂದೆ. ಹಾಗಿರುವಾಗ ಅವಳ ಹೆಜ್ಜೆಯಲ್ಲಿ ನಾನು ಕಾಲಿಡುವುದೇ? ನನ್ನ ದಾರಿ ನನಗೆ ಗೊತ್ತು ಎಂದು ಬಲಕ್ಕೆ ತಿರುಗಿದೆ. ಗಂಡಸರು ನಗುತ್ತ ಮೇಲೆ ಹತ್ತಿದರು.

ಒಂದು ಹೆಜ್ಜೆ ಏರಿದರೆ ಎರಡು ಹೆಜ್ಜೆ ಜಾರುತ್ತಿದ್ದೆ. ಸೀರೆಯ ನಿರಿಗೆ ತುಂಬ ಮರಳು. ಕಡೆಗೆ ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಕುಸಿದು ಕುಳಿತೆ. ಅಲ್ಲಿಂದ ಸೂರ್ಯನೂ ಕಾಣಿಸಲಿಲ್ಲ, ನಮ್ಮವರೂ ಕಾಣಿಸಲಿಲ್ಲ. ಕೂಗಲು ನಾಚಿಕೆ. ಇಷ್ಟು ವರ್ಷ ಕಾದದ್ದು ಕಣ್ಣೆದುರಿಗೇ ತಪ್ಪಿತಲ್ಲ ಎಂದು ಅಳು ಬಂತು. ಮೇಲೆ ನಿಂತು ಶೋಭಾ ಆ ಸೂರ್ಯನನ್ನು ನೋಡುತ್ತಿರುತ್ತಾಳೆ ಎನ್ನುವುದನ್ನು ನೆನೆದು ಇನ್ನೂ ಹೆಚ್ಚು ಅತ್ತೆ.

ಅಷ್ಟರಲ್ಲಿ ದಿಬ್ಬದ ಮೇಲಿನಿಂದ ಶೋಭಾ ಕುಳಿತುಕೊಂಡೇ ಜಾರುತ್ತ ಕೆಳಗೆ ಬಂದಳು. ತಲೆಯೆಲ್ಲ ಮರಳಾಗಿತ್ತು. ಸೂರ್ಯ ಮುಳುಗಿದನೇ ಎಂದು ಕೇಳಿದೆ. ಇನ್ನೂ ಮುಳುಗಿರಲಿಲ್ಲ, ನೀವು ಕಾಣಲಿಲ್ಲವೆಂದು ಇಳಿದು ಬಂದೆ ಎಂದಳು.

"ನೋಡಿ ಬರಬೇಕಿಲ್ಲೋ?" ಎಂದೆ.

"ನಿಮ್ಮ ಆಸೆಗಂತ ಬಂದೇವ್ರಿ ಅಕ್ಕಾರ. ನೀವು ಇಲ್ಲದ ನಾ ಒಬ್ಬಾಕಿ ನೋಡಿ ಏನ್ ಮಾಡ್ಲಿ?"

ನಾವು ಮೇಲೆ ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಂಡಸರು ಫೋಟೋ ನೋಡುತ್ತ ನಿಂತಿದ್ದರು. ಇಳಿಯುವಾಗ ಶೋಭಾ ನನ್ನನ್ನೇ ಮುಂದೆ ಬಿಟ್ಟಳು. ನಾನು ಮುಂದೆ ನಡೆದೆ, ದಾರಿಯನ್ನು ಹಿಂದಿನಿಂದ ಅವಳೇ ಹೇಳುತ್ತಿದ್ದಳು.

ಮುಂದಿನ ಸೀಟು, ಹಿಂದಿ, ರೊಟ್ಟಿಯ ಹೊಗಳಿಕೆ, ಯಾವುದರ ಮೇಲೂ ಈಗ ಸಿಟ್ಟಿಲ್ಲ. ಆದರೆ ಅವಳು ತಗ್ಗಿನಲ್ಲಿದ್ದು ನಾನು ಮೇಲಿದ್ದಿದ್ದರೆ, ಸೂರ್ಯ ಮುಳುಗುವ ಮೊದಲು ಇಳಿದು ಬರುತ್ತಿದ್ದೆನೇ? ಎದೆ ಮುಟ್ಟಿಕೊಂಡು ಹೌದೆನ್ನಲಾರೆ. ಅವಳು ಯೋಚಿಸದೆಯೇ ಬಂದಳಲ್ಲ, ಆ ಮನಸ್ಸಿನ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.