ಮೀನು ಹಳತೆಂದಾಗ ಬಂದ ಸ್ವರ

ಕುಂದಾಪುರದ ಪೇಟೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಲ್ಲೂರಿನ ಸುಗುಣ ಆಗಲೇ ಗಂಟಲು ಡಾಕ್ಟರ ಕ್ಲಿನಿಕ್ಕಿನ ಬಾಗಿಲು ತೆಗೆದು ನೀರು ಬಿಸಿಗಿಟ್ಟಿದ್ದಾರೆ. ಬಾಯೊಳಗಿಡುವ ಕ್ಯಾಮೆರಾ ಕೊಳವೆಯ ತುದಿಯನ್ನು ಬಿಸಿನೀರಿಗೆ ಅದ್ದದಿದ್ದರೆ ಉಸಿರಿನ ಹಬೆ ಕೂತು ಪರದೆಯಲ್ಲಿ ಎಲ್ಲವೂ ಮಸುಕು.

೧೯೯೭ರಲ್ಲಿ ಇಲ್ಲಿ ಕಸ ಗುಡಿಸಲು ಸೇರಿದವರು ಸುಗುಣ. ಆಗ ಡಾಕ್ಟರ್ ಪ್ರೇಮಾನಂದರ ಬಳಿ ಗಂಟಲು ನೋಡಲು ಇದ್ದದ್ದು ಪುಟ್ಟ ಕನ್ನಡಿ ಮಾತ್ರ. ಸುಗುಣರ ಅಮ್ಮ ಮೀನು ಹೊತ್ತು ಮಾರುತ್ತಿದ್ದವರು. ಸ್ವರ ಒಡೆದಾಗ ಮನೆಯವರು ಕಾಳುಮೆಣಸಿನ ಕಷಾಯ ನಂಬಿ ಕೂತರು. ಗಂಟಲಿನ ಗಡ್ಡೆ ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಆ ಸಂಕಟಕ್ಕೇ ಇರಬೇಕು, ಹೊಸ ಯಂತ್ರ ಬಂದಾಗ ಹಟ ಹಿಡಿದು ಕಲಿತರು. ಸ್ವರತಂತುಗಳು ನಡುಗುವ ವೇಗ ಕಣ್ಣಿಗೆ ಸಿಗದು. ಸ್ವರಕ್ಕೆ ಹೊಂದಿಕೊಂಡು ಮಿನುಗುವ ಈ ಯಂತ್ರದ ಬೆಳಕಿನಲ್ಲಿ ಅದೇ ನಡುಕ ನಿಧಾನವಾಗಿ ಕಾಣುತ್ತದೆ. ಸ್ವರವೇ ಹೊರಡದಿದ್ದರೆ ಮಾತ್ರ ಯಂತ್ರವೂ ಕೈಚೆಲ್ಲುತ್ತದೆ.

ಹೋದ ಮಳೆಗಾಲ ಆದದ್ದೂ ಅದೇ. ಮೀನು ಕೂಗಿ ಮಾರುವ ನಾವುಂದದ ರತ್ನಕ್ಕನಿಗೆ ಸ್ವರ ಕೆಟ್ಟು ತಿಂಗಳುಗಳಾಗಿದ್ದವು. ತಮ್ಮ ಅಮ್ಮನಿಗೆ ಬಂದ ಕಾಯಿಲೆಯೇ ಇದೆಂದು ಸುಗುಣ ಹೆದರಿದ್ದರು. ಮೊದಲು ಎಲೆಯಡಿಕೆಯ ಬಾಯಿ ತೊಳೆಸಿದರು. ಆ ಕೆಂಪು ಉಳಿದರೆ ಆರೋಗ್ಯವಾದ ಗಂಟಲೂ ಹುಣ್ಣಿನಂತೆ ಕಾಣುತ್ತದೆ. ಡಾಕ್ಟರು "ಈ" ಅನ್ನಿ ಎಂದರೆ ಹೆದರಿದ ರತ್ನಕ್ಕನದು ಬರೀ ಪಿಸುಮಾತು. ಇನ್ನೊಂದು ದಿನ ನೋಡೋಣ ಎಂದು ಡಾಕ್ಟರು ಎದ್ದೇಬಿಟ್ಟರು.

ಸುಗುಣ ರತ್ನಕ್ಕನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಹ್ವಾಯ್, ನಿಮ್ ಮೀನ್ ಹಳ್ತ್ ಅಂಬ್ರಲೆ?"

ಬೇರೆ ಏನು ಬೈದರೂ ಸಹಿಸಿಯಾರು, ಮೀನು ಮಾರುವವರು ತಮ್ಮ ಮೀನು ಹಳತಂತೆ ಎಂಬ ಮಾತು ಸಹಿಸುವುದುಂಟೇ!

"ಯಾರ್ ಹೇಳದ್ದ್?" ಒಡಕಲಾದರೂ ಸ್ವರ ಬಂತು.

"ಅದೇ ಸೊರದಗೆ ಈಗ 'ಈ' ಅನಿ ಕಾಂಬ," ಎಂದರು ಸುಗುಣ.

ಡಾಕ್ಟರು ಮತ್ತೆ ಕೂತು ಕೊಳವೆ ಇಟ್ಟರು. ಪರದೆಯಲ್ಲಿ ಎರಡು ತಂತುಗಳೂ ಸಲೀಸಾಗಿ ಅಲೆಯಾಡಿದವು. ಎದುರುಬದುರಾಗಿ ಸಣ್ಣ ಗಂಟುಗಳು, ಅಷ್ಟೇ. ಕೂಗಿ ಕೂಗಿ ಎದ್ದದ್ದು, ಕೂಗು ನಿಲ್ಲಿಸಿ ಸ್ವರದ ವ್ಯಾಯಾಮ ಮಾಡಿದರೆ ಇಳಿಯುತ್ತದೆ, ಹೆದರಬೇಡಿ ಎಂದರು ಡಾಕ್ಟರು. ರತ್ನಕ್ಕ ಅತ್ತರು. ಸುಗುಣರೂ ಕೊಳವೆ ತೊಳೆಯುವ ನೆಪದಲ್ಲಿ ಆಚೆ ಹೋಗಿ ಕಣ್ಣೊರೆಸಿಕೊಂಡರು.

ಹೊಗಳಿದರೆ ಸುಗುಣರಿಗೆ ಇರುಸುಮುರುಸು. "ನಾನೆಂತ ಮಾಡ್ದೆ ಮಾರಾಯ್ರೆ? ಸೊರ ಕೆಟ್ಟವ್ರ್ ಕಷಾಯ ಕುಡುಕೆ ಮೊದ್ಲ್ ಇಲ್ಲಿಗ್ ಬರ್ಕ್. ನಂಗ್ ಅಷ್ಟೇ ಆಸೆ," ಎನ್ನುತ್ತಾರೆ.

ಕೆಲಸ ಮುಗಿಸಿ ಮೀನುಪೇಟೆಯ ದಾರಿ ಹಿಡಿದರೆ ಆಚೆ ಬದಿಯಿಂದ ಈಗ ಒಡಕಿಲ್ಲದ ಒಂದು ಸ್ವರ: "ಸುಗುಣಕ್ಕ, ಹಳ್ತ್ ಮೀನ್ ಬೇಕಾ?"

ಕೇಳಿಸಿದರೂ ಸುಗುಣ ತಿರುಗುವುದಿಲ್ಲ. ಆ ಸ್ವರ ಇನ್ನೊಮ್ಮೆ ಕರೆಯಲೆಂದು ನಿಂತಿರುತ್ತಾರೆ.