ಮಿಕ್ಕವರು ಏನಂತಾರೆ?

ಶಾದ್ಲಿ ಕಾಯಿಲೆ ಬಿದ್ದ ಮೇಲೆ ಸ್ಫಾಕ್ಸ್ ನಗರದಲ್ಲಿ ಅವನಿಗೆ ನಿಜ ಹೇಳುವವರೇ ಇಲ್ಲವಾದರು. ಜನ ಒಳಗೊಳಗೆ ಏನನ್ನು ನಿರೀಕ್ಷಿಸುತ್ತಾರೆ ಎಂದು ಅಳೆಯುವ ಪ್ರಯೋಗಗಳನ್ನು ಹೆಣೆಯುವುದೇ ವಿಶ್ವವಿದ್ಯಾಲಯದಲ್ಲಿ ಅವನ ಕೆಲಸ. ಅಂಥವನಿಗೇ ಈ ಗತಿ.

ಚಳಿಗಾಲವಿಡೀ ಆಸ್ಪತ್ರೆಯಲ್ಲಿದ್ದು ಇನ್ನೊಂದು ಸುತ್ತು ಕೀಮೋ ತೆಗೆದುಕೊಳ್ಳುವುದೋ, ದೋಣಿ ಹತ್ತಿ ತನ್ನ ಕೆರ್ಕೆನ್ನಾ ದ್ವೀಪಕ್ಕೆ ಹೋಗಿ ಆಕ್ಟೋಪಸ್ ತಿಂದುಕೊಂಡಿರುವುದೋ? ಬದುಕುವ ಸಾಧ್ಯತೆ ಎಷ್ಟೆಂದು ತಿಳಿಯದೆ ತೀರ್ಮಾನಿಸುವ ಹಾಗಿರಲಿಲ್ಲ.

"ಅತ್ತೆ, ನಾನು ರಂಜಾನ್ ನೋಡ್ತೀನಾ?"

"ನಿನ್ನ ಬಾಯಿಗೆ ಬೆಂಕಿ ಹಾಕ! ನಮ್ಮನ್ನೆಲ್ಲ ಮಣ್ಣು ಮಾಡಿ ಆಮೇಲೆ ಹೋಗೋನು ನೀನು," ಎಂದಳು ಸೋದರತ್ತೆ ಮೆಹ್ರೆಝಿಯ.

"ಇನ್ಶಾ ಅಲ್ಲಾ, ಬರೋ ವರ್ಷ ನಿಂಗೊಂದು ಮದುವೆ ಮಾಡೋಣ, ಅಣ್ಣ," ಎಂದ ತಮ್ಮ ನಾಸಿರ್. ಅರವತ್ತು ದಾಟಿದವನಿಗೆ!

ಕೇಳಿದ್ದು ಅಂದಾಜು, ಸಿಕ್ಕಿದ್ದು ಹಾರೈಕೆ. ಪ್ರಶ್ನೆ ಕಟ್ಟಿದ್ದೇ ತಪ್ಪು ಎಂದುಕೊಂಡ ಶಾದ್ಲಿ. ತಮ್ಮ ಅಂದಾಜನ್ನು ಜನ ತಮ್ಮದೆಂದು ಹೇಳರು; ಇನ್ನೊಬ್ಬರ ಹೆಸರಲ್ಲಾದರೆ ಹೇಳಿಬಿಡುತ್ತಾರೆ.

ನಾಸಿರ್ ಕಾಫಿಗೆ ಹೋದದ್ದು ನೋಡಿ ಅತ್ತೆಯ ಕಡೆ ಹೊರಳಿದ. "ನಿನ್ನ ಮಾತು ಬಿಡು. ನಾಸಿರ್ ಮನಸ್ಸಲ್ಲಿ ಏನಿದೆ ಊಹಿಸು. ಸರಿ ಹೇಳಿದ್ರೆ ಈ ಆಸ್ಪತ್ರೆ ಮೊಸರು ನಿಂಗೆ." ಬಹುಮಾನವಿಲ್ಲದೆ ಯಾರೂ ಮನಸ್ಸಿಟ್ಟು ಊಹಿಸುವುದಿಲ್ಲ.

ಅತ್ತೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಅವನಾ? ಪುಕ್ಕಲ. ನೀನು ರಂಜಾನ್ ತನಕ ಇರಲ್ಲ ಅಂದ್ಕೊಂಡಿದಾನೆ. ದೇವರ ಮೇಲೆ ನಂಬಿಕೆ ಇಲ್ಲದ ನನ್ಮಗ."

ಅತ್ತೆ ನಮಾಜಿಗೆ ಎದ್ದಾಗ ನಾಸಿರನ ಸರದಿ. "ಅತ್ತೆನಾ? ನಿನ್ನ ಸಾವಿನ ಊಟಕ್ಕೆ ದೊಡ್ಡ ಹಂಡೆ ಯಾರ ಮನೇಲಿದೆ ಅಂತ ಆಗ್ಲೇ ವಿಚಾರಿಸ್ತಿದಾಳೆ."

ಡಾಕ್ಟರ್ ಹಾಜರ್ "ಭರವಸೆ ಇದೆ" ಎನ್ನುವುದನ್ನು ಬಿಟ್ಟು ಬೇರೆ ಆಡಿದವರಲ್ಲ. "ಮಿಕ್ಕ ಡಾಕ್ಟರುಗಳು ನನ್ನ ಸ್ಕ್ಯಾನ್ ನೋಡಿದ್ರೆ ಏನಂತಾರೆ, ಡಾಕ್ಟ್ರೇ?"

ಆಕೆ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಹತ್ತರಲ್ಲಿ ಒಂಬತ್ತು ಜನ ಮನೆಗೆ ಹೋಗಿ ಅಂತಾರೆ."

"ಹತ್ತನೆಯವರು?"

"ಅವರು ಕೆಲಸಕ್ಕೆ ಹೊಸಬರಿರಬೇಕು."

ಶಾದ್ಲಿ ಜೋರಾಗಿ ನಕ್ಕ. ಆಮೇಲೆ ದ್ವೀಪಕ್ಕೆ ಹೊರಡಲು ಬಟ್ಟೆ ಕಟ್ಟಿ ಎಂದ.

ದೋಣಿಯಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತರು. ಇಬ್ಬರು ಹೇಳಿದ್ದನ್ನೂ ಇಬ್ಬರ ಎದುರೇ ಹೇಳಿಬಿಟ್ಟ ಶಾದ್ಲಿ, ದುಷ್ಟ. ಅತ್ತೆ, ತಮ್ಮ ಅರ್ಧ ದಾರಿ ಜಗಳವಾಡಿದರು, ಮಿಕ್ಕರ್ಧ ಅತ್ತರು. ದ್ವೀಪ ಕಂಡಾಗ ನಾಸಿರ್ ಮೂಗು ಒರೆಸಿಕೊಂಡು ಕೇಳಿದ:

"ನಿನ್ನನ್ನ ಎಲ್ಲಿ ಇಡೋಣ, ಅಣ್ಣ?"

"ಅಪ್ಪನ ಪಕ್ಕ ಬೇಡ. ಬದುಕಿದ್ದಾಗ್ಲೇ ಅವರ ಗೊರಕೆ ಸಾಕಾಗಿತ್ತು. ಅಮ್ಮನ ಆಚೆ ಬದಿಗೆ ಇಡಿ."

ಜನವರಿಯಲ್ಲಿ ಅವನನ್ನು ಅಮ್ಮನ ಆಚೆ ಬದಿಗೇ ಇಟ್ಟರು. ಸಮುದ್ರದ ಗಾಳಿಯ ಸದ್ದು ಆ ಕಡೆಗೇ ಜೋರು; ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.