ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋದದ್ದು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ನನ್ನ ಗಂಡ ಕಕ್ಕಬೆಯ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಗಾದರೆ ಆಳುಗಳ ಹಾಜರಿ, ಸಂಜೆಯಾದರೆ ತೋಟದ ದೊರೆಗೆ ವರದಿ. ಅಂಥವರಿಗೆ ಅದೆಲ್ಲಿಂದ ಹುಚ್ಚು ಹಿಡಿಯಿತೋ, ಆ ವರ್ಷ ಮಕ್ಕಳಿಗೆ ದಸರಾ ವಸ್ತುಪ್ರದರ್ಶನ ತೋರಿಸಲೇಬೇಕು ಎಂದು ಕೂತರು.

"ಈಗ ಮೈಸೂರು ನಮ್ದೇ ಅಲ್ದಾ. ಕಾಫಿ ಪಿಕ್ಕಿಂಗ್ ಶುರುವಾದ್ರೆ ನಂಗೆ ರಜ ಇಲ್ಲೆ, ಈಗ್ಲೇ ಹೋಕು. ಆದ್ರೆ ನೀ ಬಾಯಿ ಬಿಡ್ಬೊಡ. ಅಲ್ಲಿ ಹೋಗಿ ನಿಂತ್ಮೇಲೆ ಮಕ್ಕಳಿಗೆ ಗೊತ್ತಾಕು."

ನನಗೂ ಅದು ಚೆಂದವೇ ಅನ್ನಿಸಿತು. ಬುದ್ಧಿಗೆ ಮಂಕು ಕವಿದಿತ್ತು, ಮತ್ತೇನು ಹೇಳಲಿ.

ನಮಗೆ ಇಬ್ಬರು ಮಕ್ಕಳು. ನಾಲ್ಕು ವರ್ಷದ ಮಗ ನಮ್ಮ ಜೊತೆಗಿದ್ದ. ಎಂಟು ವರ್ಷದ ಮಗಳು ಪೊನ್ನಂಪೇಟೆಯಲ್ಲಿ ನನ್ನ ನಾದಿನಿಯ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಳು. ಎಸ್ಟೇಟಿನ ಹತ್ತಿರ ಇದ್ದ ಒಂದೇ ಶಾಲೆಗೆ ಹೊಳೆ ದಾಟಬೇಕು, ಮಳೆ ಹಿಡಿದರೆ ಮರದ ಸೇತುವೆ ಕೊಚ್ಚಿಕೊಂಡು ಹೋಗುತ್ತಿತ್ತು. ಆಗ ನಮ್ಮಲ್ಲಿ ಮಕ್ಕಳನ್ನು ಹೀಗೆ ನೆಂಟರ ಮನೆಯಲ್ಲಿ ಬಿಡುವುದು ಹೊಸದೇನಲ್ಲ. ಬಿಡುವುದಕ್ಕೂ ಒಂದು ರೂಢಿ ಇತ್ತು. ಹೇಳಿ ಹೊರಟರೆ ಅಳುತ್ತವೆ, ಅದಕ್ಕೆ ಹೇಳಬಾರದು. ಮಧ್ಯಾಹ್ನ ಹೊಟ್ಟೆ ತುಂಬ ಉಣಿಸಿ, ಮಲಗಿಸಿ, ನಿದ್ದೆ ಹತ್ತಿದ ಮೇಲೆ ಎದ್ದು ಹೋಗಬೇಕು. ಗೇಟು ದಾಟುವಾಗ ತಿರುಗಿ ನೋಡಬಾರದು. ನನ್ನ ಅತ್ತೆ ಹೇಳಿಕೊಟ್ಟದ್ದು ಇದು.

ಎರಡು ವರ್ಷದ ಹಿಂದೆ, ಮಗಳಿಗೆ ಆರು ವರ್ಷ ಇದ್ದಾಗ, "ಅತ್ತೆ ಮನೆಗೆ ಊಟಕ್ಕೆ" ಎಂದು ನಾದಿನಿಯ ಮನೆಗೆ ಕರೆದುಕೊಂಡು ಹೋಗಿ ನಾನೂ ಹಾಗೆಯೇ ಮಾಡಿದೆ. ಎದ್ದವಳು ಎರಡು ದಿನ ಗೇಟಿನ ಹತ್ತಿರವೇ ಕೂತಿದ್ದಳಂತೆ. ಆಮೇಲೆ ಸರಿಯಾದಳು ಎಂದು ನಾದಿನಿ ಹೇಳಿಕಳಿಸಿದಳು. ಆದರೆ ಅಂದಿನಿಂದ ಆ ಹುಡುಗಿ ಹಗಲು ಹೊತ್ತು ಮಲಗುವುದನ್ನು ಬಿಟ್ಟಳು. ಜ್ವರ ಬಂದರೂ ಗೋಡೆಗೆ ಒರಗಿ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದಳಂತೆ.

ದಸರಾ ರಜ ಸಿಕ್ಕಿದ್ದೇ ನಾವು ಮೂವರೂ ಪೊನ್ನಂಪೇಟೆಗೆ ಬಂದೆವು. "ಬಟ್ಟೆ ತಕೊ, ಹೊರ್ಡು. ಎಲ್ಲಿಗೆ ಅಂತ ಈಗ ಹೇಳಿಕೆ ಇಲ್ಲೆ" ಎಂದು ಇವರು ನಕ್ಕರು. ಮಗಳು ಒಂದು ಗಳಿಗೆ ನಮ್ಮ ಮುಖವನ್ನೇ ನೋಡಿದಳು. ಆಮೇಲೆ ಅವಳ ಮುಖ ಅರಳಿದ್ದನ್ನು ಹೇಗೆ ಹೇಳಲಿ. ಒಳಗೆ ಓಡಿದಳು. ಎಲ್ಲ ಲಂಗಗಳು, ಸ್ಲೇಟು, ಪುಸ್ತಕ, ಮುರಿದ ಬಾಚಣಿಗೆ ಕೂಡ ಗಂಟು ಕಟ್ಟಿದಳು. ಬಳೆಗಳನ್ನು ನಾದಿನಿಯ ಮಗಳಿಗೆ ಕೊಟ್ಟಳು. ತಾನು ಮಲಗುತ್ತಿದ್ದ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದಳು.

"ಮೂರು ದಿನಕ್ಕೆ ಇಷ್ಟೆಲ್ಲ ಯಾಕೆ?" ಎಂದು ನಾದಿನಿ ನನ್ನ ಕಿವಿಯಲ್ಲಿ ಕೇಳಿದಳು.

"ಇರ್ಲಿ ಬಿಡು" ಎಂದೆ. ಹೆತ್ತವಳಿಗೆ ಅಷ್ಟೂ ಹೊಳೆಯಬಾರದಾ.

ಗೋಣಿಕೊಪ್ಪದಲ್ಲಿ ಇಳಿದಾಗ ಅವಳು ಗಂಟು ಹೊತ್ತುಕೊಂಡು ನೇರ ವಿರಾಜಪೇಟೆ ಬಸ್ಸಿನ ಕಡೆಗೆ ನಡೆದಳು. ನಮ್ಮ ಮನೆಗೆ ಹೋಗುವ ದಾರಿ ಅದು. ಇವರು ಹಿಂದಿನಿಂದ ಕೈ ಹಿಡಿದು ಎದುರಿನ ಬಸ್ಸಿಗೆ ತಿರುಗಿಸಿದರು.

"ಅಪ್ಪ, ಮನೆಗೆ ಈ ಬಸ್ ಅಲ್ಲ."

"ಮನೆಯಲ್ಲಿ ಏನುಟ್ಟು? ಸುಮ್ನೆ ಹತ್ತು."

ಹತ್ತಿದಳು. ತಿತಿಮತಿ ಕಾಡು ದಾಟುವವರೆಗೂ ಹಿಂದಿನ ದಾರಿಯನ್ನೇ ನೋಡುತ್ತಿದ್ದಳು. ನನಗೆ ಅರ್ಥವಾದದ್ದು ಆಗ. ಆದರೂ ಬಾಯಿ ಬಿಡಲಿಲ್ಲ. ಮೈಸೂರು ಕಂಡರೆ ಮರೆತುಬಿಡುತ್ತಾಳೆ ಎಂದುಕೊಂಡೆ.

ಮೈಸೂರಿನಲ್ಲಿ ಏನಿರಲಿಲ್ಲ ಹೇಳಿ. ಮೃಗಾಲಯದ ಜಿರಾಫೆ ನೋಡಿ ಮಗ ಕುಣಿದಾಡಿದ. ಕನ್ನಂಬಾಡಿ ಕಟ್ಟೆಯ ಕೆಳಗಿನ ತೋಟದಲ್ಲಿ ಕಾರಂಜಿಗಳಿಗೆ ಬಣ್ಣದ ದೀಪ ಹತ್ತಿಕೊಂಡಾಗ ನಾನೇ ಬಾಯಿ ಬಿಟ್ಟುಕೊಂಡು ನಿಂತೆ. ಮಗಳು ಎಲ್ಲವನ್ನೂ ನೋಡಿದಳು. ಹಟ ಮಾಡಲಿಲ್ಲ, ಅಳಲಿಲ್ಲ. ಒಂದೊಂದು ಮುಗಿದಾಗಲೂ ನನ್ನ ಸೆರಗು ಜಗ್ಗಿ ಕೇಳುತ್ತಿದ್ದಳು, "ಇನ್ನು ಮನೆಗೆ ಅಲ್ದಾ, ಅವ್ವ?"

ನಾನು ಅವಳ ಕೈ ಹಿಡಿದು ಮುಂದಿನದನ್ನು ತೋರಿಸಲು ಎಳೆದುಕೊಂಡು ಹೋಗುತ್ತಿದ್ದೆ. ಹೇಡಿ ನಾನು.

ವಸ್ತುಪ್ರದರ್ಶನದ ದೊಡ್ಡ ರಾಟೆಯಲ್ಲಿ ಅಪ್ಪನ ಪಕ್ಕ ಕೂತು ಒಂದು ಸುತ್ತು ಹೋಗಿಬಂದಳು. ಇಳಿದ ಮೇಲೆ "ಹೆಂಗಿತ್ತ್?" ಎಂದು ಇವರು ಆಸೆಯಿಂದ ಕೇಳಿದರು. ಪಾಪ, ಅವರಾದರೂ ಇದಕ್ಕಾಗಿ ಒಂದು ವರ್ಷ ಕನಸು ಕಂಡವರು.

"ಅಷ್ಟು ಎತ್ತರ ಹೋದ್ರೂ ನಮ್ಮ ಬೆಟ್ಟ ಕಾಣ್ತಿಲ್ಲೆ" ಎಂದಳು.

ಆಮೇಲೆ ಅವಳು ಏನನ್ನೂ ಕೇಳಲಿಲ್ಲ.

ವಾಪಸು ಪೊನ್ನಂಪೇಟೆ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ನಮ್ಮ ಬಸ್ಸು ಮೂರು ಗಂಟೆಗೆ. ಅವಳನ್ನು ಮನೆಗೇ ಕರೆದುಕೊಂಡು ಹೋಗೋಣ ಎಂದು ಹಿತ್ತಲಿನಲ್ಲಿ ಇವರಿಗೆ ಹೇಳಿದೆ. "ಶಾಲೆ?" ಎಂದರು.

ಒಳಗೆ ಬಂದು ನೋಡಿದರೆ ಮಗಳು ಗಂಟು ಬಿಚ್ಚಿ ಲಂಗಗಳನ್ನು ಗೂಟಕ್ಕೆ ಹಾಕಿದ್ದಳು. ಸ್ಲೇಟು ಕಿಟಕಿಯ ಮೇಲಿತ್ತು. ಬಳೆಗಳನ್ನು ವಾಪಸು ಕೇಳಿರಲಿಲ್ಲ. ಮೂಲೆಯ ಚಾಪೆಯನ್ನು ತಾನೇ ತಂದು ಹಾಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಕಂಡಿಯಾ, ಮೈಸೂರು ಸುತ್ತಿ ಸುಸ್ತಾಗುಟ್ಟು" ಎಂದು ಇವರು ಸಮಾಧಾನದ ಉಸಿರು ಬಿಟ್ಟು, ಮಗನನ್ನು ಎತ್ತಿಕೊಂಡು ಹೊರಗೆ ಹೋದರು.

ನಾನು ಪಕ್ಕದಲ್ಲಿ ಕೂತು ತಲೆ ಸವರಿದೆ. ಎರಡು ವರ್ಷದಿಂದ ಹಗಲು ಕಣ್ಣು ಮುಚ್ಚದವಳು. ರೆಪ್ಪೆ ಅದುರುತ್ತಿತ್ತು.

"ಅವ್ವ" ಎಂದಳು, ಕಣ್ಣು ತೆರೆಯದೆ. "ಬಸ್ಸಿಗೆ ಹೊತ್ತಾತ್. ನಾ ನಿದ್ದೆ ಬಂದಂಗೆ ಮಾಡ್ತೇನೆ. ನೀ ಹೋಗ್."

ನಾನು ಎದ್ದು ಹೋದೆ. ಗೇಟು ದಾಟುವಾಗ ತಿರುಗಿ ನೋಡಲಿಲ್ಲ.